ಬಚ್ಚಲುಮನೆಯ ನೆಲ ಮತ್ತು ನೀರಿನ ಹಾದಿ

ಮನೆಯ ಕೋಣೆಗಳಲ್ಲೆಲ್ಲ ನಾವು ಅತ್ಯಂತ ಕಡಿಮೆ ಗಮನ ಕೊಡುವುದು ಬಚ್ಚಲುಮನೆಗೆ. ಆದರೆ ಅತ್ಯಂತ ಹೆಚ್ಚಾಗಿ ಸವೆಯುವ ನೆಲವೆಂದರೆ ಅದೇ. ನಡುಮನೆಯ ನೆಲವನ್ನು ದಿನಕ್ಕೊಮ್ಮೆ ಒದ್ದೆಬಟ್ಟೆಯಿಂದ ಒರೆಸಿದರೆ ಸಾಕು. ಬಚ್ಚಲಿನ ನೆಲದ ಮೇಲಾದರೋ ಬೆಳಗಿನಿಂದ ರಾತ್ರಿಯವರೆಗೆ ತಣ್ಣೀರು, ಬಿಸಿನೀರು, ಸಾಬೂನಿನ ನೀರು ಬೀಳುತ್ತಲೇ ಇರುವುದು. ನೀರು ಸರಬರಾಜಿನ ಲೆಕ್ಕ ಹಾಕುವ ನಮ್ಮ ಎಂಜಿನಿಯರುಗಳು ಒಬ್ಬ ಮನುಷ್ಯನ ಸ್ನಾನಕ್ಕೆ ದಿನಕ್ಕೆ ೫೫ ಲೀಟರು ನೀರು ಬೇಕೆಂದು ಎಣಿಸುವರು. ಐದು ಜನರ ಸಂಸಾರದಲ್ಲಿ ಇದು ೨೭೫ ಲೀಟರು ಆಯಿತು. ಇದರಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಮೋರಿಗೆ ಹೋಗದೆ ಬಿರುಕುಗಳಲ್ಲಿ ಇಳಿದುಹೋಯಿತೆನ್ನಿ. ದಿನಕ್ಕೆ ೨.೭೫ ಲೀಟರು, ವರ್ಷಕ್ಕೆ ಸುಮಾರು ೧,೦೦೦ ಲೀಟರು. ಒಂದು ಸಾವಿರ ಲೀಟರಿನ ತೊಟ್ಟಿಯ ನೀರನ್ನೆಲ್ಲ ಪ್ರತಿ ವರ್ಷವೂ ನಮ್ಮ ಮನೆಯ ತಳಪಾಯಕ್ಕೆ ನಾವೇ ಸುರಿದಂತಾಯಿತು!

ನೆಲ ಕುಸಿಯಿತು, ಬಿಲ್ಲೆ ಎದ್ದಿತು, ಗೋಡೆಯ ಬುಡ ಉದುರುತ್ತಿದೆ ಎಂದು ದೂರುವವರು ಬಹಳ. ಒಂದಿಷ್ಟು ಬಿಳಿ ಸಿಮೆಂಟನ್ನು ತಂದು ಸಂದುಗಳಿಗೆ ಬಳಿದು ಸುಮ್ಮನಾಗುವವರೂ ಬಹಳ. ಮುಂದಿನ ವರ್ಷ ಅದೇ ಬಿರುಕು ಅದೇ ಜಾಗದಲ್ಲಿ ಬಾಯಿ ತೆರೆಯುವುದು. ಹೀಗೇಕಾಗುವುದು? ಈ ಕೆಲಸವನ್ನು ಮನೆಯವರೇ ಸರಿಯಾಗಿ ಮಾಡಿಕೊಳ್ಳುವ ಬಗೆ ಹೇಗೆ? ಇದನ್ನು ತಿಳಿಯಲು ಮೊದಲು ನೀರಿನ ಸ್ವಭಾವವನ್ನು ತಿಳಿಯಬೇಕು.

ನಾಲೆಯ ಸೀಮೆಯಿಂದ ಒಂದು ಪಾಠ

ದಾವಣಗೆರೆ ತಾಲ್ಲೂಕಿನ ಕುಕ್ಕುವಾಡವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸಕ್ಕರೆ ಕಾರ್ಖಾನೆಯಿಂದ ಹೆಸರಾದ ಈ ಊರು ಭದ್ರಾ ನಾಲೆಯ ಸೀಮೆಗೆ ಸೇರಿದ್ದು. ಲಕ್ಕವಳ್ಳಿಯ ಬಳಿ ಕಟ್ಟಲಾದ ಭದ್ರಾ ಅಣೆಕಟ್ಟಿನ ಕೆಲಸ ೧೯೬೫ರಲ್ಲಿ ಮುಗಿಯಿತು. ಅದರ ನಾಲೆಗಳಿಂದ ದಾವಣಗೆರೆ, ಹರಿಹರಗಳ ಬಯಲಿನಲ್ಲಿ ಭತ್ತ ಮತ್ತು ಕಬ್ಬಿನ ಬೆಳೆ ಹಬ್ಬಿತು. ನೀರಿನೊಡನೆ ಬಾಳುವ ಇಲ್ಲಿನ ರೈತರು ಮೂರು ಸಂಗತಿಗಳನ್ನು ಚೆನ್ನಾಗಿ ಬಲ್ಲರು.

ಮೊದಲನೆಯದು: ಕಾಲುವೆಯ ಏರಿಯಲ್ಲಿ ತೂತು ಬಿದ್ದಾಗ ಕೆಳಗಿನ ಗದ್ದೆಯನ್ನು ಎಷ್ಟು ಸಮಮಾಡಿದರೂ ಪ್ರಯೋಜನವಿಲ್ಲ, ತೂತನ್ನು ಮುಚ್ಚಿದ ಮೇಲೆಯೇ ಗದ್ದೆಯ ಕೆಲಸ. ಎರಡನೆಯದು: ಎರೆಮಣ್ಣು ನೀರು ಕುಡಿದರೆ ಉಬ್ಬುವುದು, ಬೇಸಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಅಗಲವಾಗಿ ಬಿರಿಯುವುದು. ಮೂರನೆಯದು: ನೀರು ಹೊರಕ್ಕೆ ಬಸಿದುಹೋಗದ ತಗ್ಗಿನ ಭೂಮಿ ಜವಳಾಗುವುದು, ಆ ನೀರು ಮೇಲಿನಿಂದ ಆವಿಯಾಗಿ ಹೋದಂತೆಲ್ಲ ಉಪ್ಪು ಉಳಿದು ನೆಲ ಸವಳಾಗುವುದು.

ಈ ಮೂರು ಸಂಗತಿಗಳೂ ಬಚ್ಚಲುಮನೆಗೆ ಹಾಗೆಯೇ ಅನ್ವಯಿಸುವುವು. ಆರಡಿ ಉದ್ದ, ಐದಡಿ ಅಗಲದ ಬಚ್ಚಲು ಒಂದು ಪುಟ್ಟ ಗದ್ದೆಯೆಂದೇ ಭಾವಿಸಬಹುದು. ಒಂದೇ ವ್ಯತ್ಯಾಸ: ಗದ್ದೆಯಲ್ಲಿ ನೀರು ನಿಲ್ಲಬೇಕು, ಇಲ್ಲಿ ನಿಲ್ಲಬಾರದು.

ನೀರು ಇಳಿಯುವುದೂ ಏರುವುದೂ

ನೀರು ತಗ್ಗಿನ ಕಡೆಗೆ ಹರಿಯುವುದೆಂಬುದು ಎಲ್ಲರಿಗೂ ಗೊತ್ತು. ಆದರೆ ಸಣ್ಣ ರಂಧ್ರಗಳಲ್ಲಿ ಅದು ಮೇಲಕ್ಕೂ ಏರಬಲ್ಲದು. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಹೀಗೆಯೇ. ಗಾಜಿನ ಗೋಡೆಗೆ ನೀರು ಅಂಟಿಕೊಳ್ಳುವ ಬಲ ಮತ್ತು ನೀರಿನ ಮೇಲ್ಮೈಯ ಬಿಗಿತ ಎರಡೂ ಸೇರಿ ಸಣ್ಣ ನಳಿಕೆಯಲ್ಲಿ ನೀರನ್ನು ಮೇಲೆಳೆಯುವುವು. ಇದನ್ನು ಕೇಶಾಕರ್ಷಣೆ ಎನ್ನುವರು. ನಳಿಕೆ ಸಣ್ಣದಾದಷ್ಟೂ ನೀರು ಹೆಚ್ಚು ಎತ್ತರ ಏರುವುದೆಂಬ ನಿಯಮಕ್ಕೆ ೧೭೧೮ರಲ್ಲಿ ಅದನ್ನು ವಿವರಿಸಿದ ಇಂಗ್ಲೆಂಡಿನ ಜೇಮ್ಸ್ ಜ್ಯೂರಿನ್ ಅವರ ಹೆಸರಿದೆ. ೧ ಮಿಲಿಮೀಟರು ವ್ಯಾಸದ ಶುದ್ಧ ಗಾಜಿನ ನಳಿಕೆಯಲ್ಲಿ ನೀರು ಸುಮಾರು ೩೦ ಮಿಲಿಮೀಟರು ಏರುವುದು. ವ್ಯಾಸವನ್ನು ಹತ್ತನೆಯ ಒಂದು ಪಾಲಿಗೆ ಇಳಿಸಿದರೆ ಎತ್ತರ ಹತ್ತುಪಟ್ಟಾಗಿ ೩೦೦ ಮಿಲಿಮೀಟರು, ಎಂದರೆ ಸುಮಾರು ಒಂದಡಿ ಆಗುವುದು.

ಇಟ್ಟಿಗೆ, ಗಾರೆ, ಸಿಮೆಂಟುಗಳಲ್ಲಿ ಇಂತಹ ಸಣ್ಣ ರಂಧ್ರಗಳು ಲೆಕ್ಕವಿಲ್ಲದಷ್ಟು ಇವೆ. ಆದುದರಿಂದ ನೆಲದ ಕೆಳಗೆ ನಿಂತ ನೀರು ಪಕ್ಕದ ಗೋಡೆಯನ್ನು ಹತ್ತಿ, ಅಡುಗೆಮನೆಯ ಕಡೆಯ ಸುಣ್ಣವನ್ನು ಉದುರಿಸುವುದು ಆಶ್ಚರ್ಯವಲ್ಲ. ತೇವ ಕಂಡ ಜಾಗವೇ ಸೋರುವ ಜಾಗ ಎಂದು ತಿಳಿಯುವುದು ತಪ್ಪು. ನೀರು ಒಂದು ಕಡೆ ಒಳಹೊಕ್ಕು ಇನ್ನೊಂದು ಕಡೆ ಮುಖ ತೋರಿಸುವುದು.

ನೀರು ಮಾಡುವ ಹಾನಿ

ಏರಿದ ನೀರು ಗೋಡೆಯ ಮೈಯಿಂದ ಆವಿಯಾಗುವುದು. ಅದರಲ್ಲಿ ಕರಗಿದ್ದ ಉಪ್ಪುಗಳು ಆವಿಯಾಗಲಾರವು. ಅವು ಹರಳುಗಟ್ಟಿ ಬಿಳಿಯ ಹಿಟ್ಟಿನಂತೆ ಹೊರಗೆ ಕಾಣುವುವು. ಮೇಲ್ಮೈಗೆ ಬಂದು ಹರಳಾದರೆ ಹಾನಿ ಅಲ್ಪ, ಒರೆಸಿದರೆ ಹೋಗುವುದು. ಮೇಲ್ಮೈಯ ಹಿಂದೆ ರಂಧ್ರಗಳೊಳಗೇ ಹರಳು ಬೆಳೆದರೆ ಅದರ ಒತ್ತಡಕ್ಕೆ ಗಾರೆ ಸಿಡಿದು ಉದುರುವುದು. ಹೊಲವನ್ನು ಸವಳು ಮಾಡುವ ಕ್ರಿಯೆಯೂ ಗೋಡೆಯನ್ನು ಉದುರಿಸುವ ಕ್ರಿಯೆಯೂ ಒಂದೇ. ಇಂತಹ ಗೋಡೆಗೆ ಹೊರಗಿನಿಂದ ಬಣ್ಣ ಬಳಿದು ಆವಿಯ ದಾರಿಯನ್ನು ಮುಚ್ಚಿದರೆ ಹರಳುಗಳು ಬಣ್ಣದ ಹಿಂದೆಯೇ ಬೆಳೆದು ಬಣ್ಣವನ್ನು ಪದರಪದರವಾಗಿ ತಳ್ಳಿಹಾಕುವುವು.

ಮನೆಯ ಕೆಳಗೆ ಎರೆಮಣ್ಣಿದ್ದರೆ ಹಾನಿ ಇನ್ನೂ ದೊಡ್ಡದು. ಈ ಮಣ್ಣಿನಲ್ಲಿರುವ ಜೇಡಿಯ ಕಣಗಳು ಪುಸ್ತಕದ ಹಾಳೆಗಳಂತೆ ಪದರಗಳಿಂದ ಆದವು. ಪದರಗಳ ನಡುವೆ ನೀರು ಹೊಕ್ಕಾಗ ಅವು ದೂರ ಸರಿದು ಮಣ್ಣು ಉಬ್ಬುವುದು. ಇಡೀ ಮನೆಯ ಕೆಳಗೆ ಸಮವಾಗಿ ಉಬ್ಬಿದರೆ ಅಷ್ಟು ಅಪಾಯವಿಲ್ಲ. ಬಚ್ಚಲಿನ ಮೂಲೆಯ ಕೆಳಗೆ ಮಾತ್ರ ಮಣ್ಣು ಸದಾ ಹಸಿಯಾಗಿದ್ದು, ಉಳಿದೆಡೆ ಬೇಸಗೆಯಲ್ಲಿ ಒಣಗಿ ಕುಗ್ಗಿದರೆ ತಳಪಾಯದ ಒಂದು ತುದಿ ಏರಿ ಇನ್ನೊಂದು ತುದಿ ಇಳಿಯುವುದು. ಗೋಡೆಯಲ್ಲಿ ಓರೆಯಾದ ಬಿರುಕು ಕಾಣಿಸುವುದು. ಒಂದು ನಲ್ಲಿಯ ಸೋರಿಕೆ ಗೋಡೆಯನ್ನೇ ಸೀಳಬಲ್ಲದು ಎಂಬುದು ಉತ್ಪ್ರೇಕ್ಷೆಯಲ್ಲ.

ಮಹಡಿಯ ಮೇಲಿನ ಬಚ್ಚಲಾದರೆ ಕೆಳಗಿರುವುದು ಮಣ್ಣಲ್ಲ, ಕಬ್ಬಿಣದ ಸರಳುಗಳಿರುವ ಕಾಂಕ್ರೀಟು. ಸಿಮೆಂಟಿನ ಕ್ಷಾರಗುಣ ಸಾಮಾನ್ಯವಾಗಿ ಸರಳನ್ನು ತುಕ್ಕಿನಿಂದ ಕಾಪಾಡುವುದು. ಗಾಳಿಯ ಇಂಗಾಲದ ಡೈಆಕ್ಸೈಡು ಆ ಕ್ಷಾರವನ್ನು ಕಾಲಕ್ರಮದಲ್ಲಿ ಕಳೆದಾಗ, ಇಲ್ಲವೆ ನೀರಿನೊಡನೆ ಬಂದ ಉಪ್ಪು ಸರಳನ್ನು ಮುಟ್ಟಿದಾಗ, ಆ ರಕ್ಷಣೆ ತಪ್ಪುವುದು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕೆಳಗಿನ ಕೋಣೆಯ ಚಾವಣಿಯಿಂದ ಕಾಂಕ್ರೀಟು ಚಕ್ಕೆಚಕ್ಕೆಯಾಗಿ ಬೀಳುವುದು. ಅಮೆರಿಕದಂತಹ ದೇಶಗಳಲ್ಲಿ ಎಷ್ಟೋ ಮನೆಗಳ ನೆಲ ಮರದ ಹಲಗೆಯದು. ಅಲ್ಲಿ ಇದೇ ತೇವದಿಂದ ಶಿಲೀಂಧ್ರ ಬೆಳೆದು ಹಲಗೆ ಲಡ್ಡಾಗುವುದು. ಪದಾರ್ಥ ಬೇರೆ, ಕಾರಣ ಒಂದೇ.

ಗಾರೆಯೂ ಸಿಮೆಂಟೂ

ಹಳೆಯ ಮನೆಗಳ ಬಚ್ಚಲಿಗೆ ಕಲ್ಲಿನ ಚಪ್ಪಡಿ ಹಾಸಿ ಸಂದಿಗೆ ಗಾರೆ ತುಂಬುತ್ತಿದ್ದರು. ಬರಿಯ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಗಟ್ಟಿಯಾಗುವುದು. ಸದಾ ನೀರಿರುವಲ್ಲಿ ಅದು ನಿಲ್ಲದು. ಆದರೆ ಸುಣ್ಣದೊಡನೆ ಸುಟ್ಟ ಇಟ್ಟಿಗೆಯ ಪುಡಿಯನ್ನು ಅರೆದು ಸೇರಿಸಿದರೆ ಪುಡಿಯಲ್ಲಿರುವ ಸಿಲಿಕ ಮತ್ತು ಅಲ್ಯುಮಿನಗಳು ಸುಣ್ಣದೊಡನೆ ಸಂಯೋಗ ಹೊಂದಿ ನೀರಿನಲ್ಲೂ ಗಟ್ಟಿಯಾಗುವ ವಸ್ತು ಆಗುವುದು. ಇದೇ ಸುರ್ಕಿ ಗಾರೆ. ೧೯೧೧ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಬೆಸೆದದ್ದು ಈ ಗಾರೆಯೇ.

ಈಗ ನಾವು ಬಳಸುವ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ೧೮೨೪ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬಾತ ಹಕ್ಕುಪತ್ರ ಪಡೆದನು. ಇದರಲ್ಲಿ ಮುಖ್ಯವಾಗಿ ಕ್ಯಾಲ್ಸಿಯಂ ಸಿಲಿಕೇಟುಗಳು ಇರುವುವು. ನೀರು ಸೇರಿದಾಗ ಅವು ನೀರಿನೊಡನೆ ಸಂಯೋಗಗೊಂಡು ಅಂಟಿನಂತಹ ಹೊಸ ವಸ್ತುವನ್ನು ಕೊಡುವುವು; ಜೊತೆಗೆ ಸುಣ್ಣವೂ ಬಿಡುಗಡೆಯಾಗುವುದು. ಇಲ್ಲಿ ಒಂದು ಮಾತನ್ನು ವಿದ್ಯಾರ್ಥಿಗಳು ಚೆನ್ನಾಗಿ ಮನಸ್ಸಿನಲ್ಲಿಡಬೇಕು: ಸಿಮೆಂಟು ಒಣಗುವುದರಿಂದ ಗಟ್ಟಿಯಾಗುವುದಿಲ್ಲ, ನೀರಿನೊಡನೆ ಕೂಡುವುದರಿಂದ ಗಟ್ಟಿಯಾಗುವುದು. ಬೇಗ ಒಣಗಿದ ಸಿಮೆಂಟು ಅರೆಬೆಂದ ಅನ್ನದಂತೆ. ಆದರೆ ಕಲಸುವಾಗ ನೀರು ಹೆಚ್ಚಾದರೂ ಕೇಡೇ. ಸಂಯೋಗಕ್ಕೆ ಬೇಡದ ನೀರು ಹಿಂದೆ ರಂಧ್ರಗಳನ್ನು ಬಿಟ್ಟು ಆವಿಯಾಗುವುದು. ಆ ರಂಧ್ರಗಳೇ ನಾಳೆ ಸೋರಿಕೆಗೆ ದಾರಿ.

ರೋಗವನ್ನು ಗುರುತಿಸುವುದು

ಉಳಿ, ಸುತ್ತಿಗೆಗಳನ್ನು ಕೈಗೆತ್ತಿಕೊಳ್ಳುವ ಮುನ್ನ ನೀರು ಎಲ್ಲಿಂದ ಬರುವುದೆಂದು ನಿರ್ಧರಿಸಬೇಕು. ಅದು ಬರುವ ದಾರಿಗಳು ಮೂರು: ನೀರು ತರುವ ಕೊಳವೆ, ನೀರು ಒಯ್ಯುವ ಕೊಳವೆ, ಮತ್ತು ನೆಲದ ಮೈ.

ಮೊದಲನೆಯ ಪರೀಕ್ಷೆ. ರಾತ್ರಿ ಮಲಗುವಾಗ ಎಲ್ಲ ನಲ್ಲಿಗಳನ್ನೂ ಮುಚ್ಚಿ, ಮೇಲಿನ ತೊಟ್ಟಿಯಲ್ಲಿ ನೀರಿನ ಮಟ್ಟಕ್ಕೆ ಗುರುತು ಹಾಕಿರಿ. ಬೆಳಗಾಗುವ ವೇಳೆಗೆ ಮಟ್ಟ ಇಳಿದಿದ್ದರೆ ತೊಟ್ಟಿ ಇಲ್ಲವೆ ಕೊಳವೆ ಸೋರುತ್ತಿದೆ. ಸಣ್ಣ ಸೋರಿಕೆಯನ್ನು ಕಡೆಗಣಿಸಬಾರದು. ಸೆಕೆಂಡಿಗೆ ಒಂದು ಹನಿ, ೨೦ ಹನಿಗೆ ಒಂದು ಮಿಲಿಲೀಟರು ಎಂದು ಹಿಡಿದರೆ, ದಿನದ ೮೬,೪೦೦ ಸೆಕೆಂಡುಗಳಲ್ಲಿ ೪.೩ ಲೀಟರಿಗೂ ಮೀರಿ ನೀರು ಇಳಿಯುವುದು.

ಎರಡನೆಯ ಪರೀಕ್ಷೆ. ತೊಟ್ಟಿಯ ಮಟ್ಟ ಇಳಿಯದಿದ್ದರೆ ಬಚ್ಚಲಿನ ಜಾಲರಿಯನ್ನು ಬಟ್ಟೆಯ ಉಂಡೆಯಿಂದ ಭದ್ರವಾಗಿ ಮುಚ್ಚಿ, ನೆಲದ ಮೇಲೆ ಒಂದು ಅಂಗುಲದಷ್ಟು ನೀರು ನಿಲ್ಲಿಸಿರಿ. ಬಾಗಿಲ ಬಳಿ ಜೇಡಿಮಣ್ಣಿನ ಸಣ್ಣ ಬದು ಕಟ್ಟಿರಿ. ಪಕ್ಕದಲ್ಲಿ ಅಷ್ಟೇ ಆಳದ ನೀರಿರುವ ತಟ್ಟೆಯೊಂದನ್ನು ಇಡಿರಿ. ಒಂದು ದಿನದ ಮೇಲೆ ಅಳೆದಾಗ ತಟ್ಟೆಯ ನೀರಿಗಿಂತ ನೆಲದ ನೀರು ಹೆಚ್ಚು ಇಳಿದಿದ್ದರೆ ದೋಷ ನೆಲದ ಮೈಯಲ್ಲಿದೆ. ತಟ್ಟೆಯಲ್ಲಿ ಕಡಿಮೆಯಾದದ್ದು ಆವಿಯ ಪಾಲು. ಕೆಳಗಿನ ಕೋಣೆಯ ಚಾವಣಿ ಈಗಾಗಲೇ ತೊಯ್ದಿದ್ದರೆ ಈ ಪರೀಕ್ಷೆಯನ್ನು ಮಾಡಬೇಡಿರಿ.

ಮೂರನೆಯ ಪರೀಕ್ಷೆ. ನೆಲದಲ್ಲಿ ನೀರು ನಿಂತು, ಜಾಲರಿಯನ್ನು ತೆರೆದು ಎರಡು ಮೂರು ಕೊಡ ನೀರು ಸುರಿದಾಗ ಮಾತ್ರ ತೇವ ಹೆಚ್ಚಿದರೆ ದೋಷ ಹೊರಗೆ ಒಯ್ಯುವ ಕೊಳವೆಯಲ್ಲಿದೆ. ಅನೇಕ ವೇಳೆ ಕೊಳವೆಯೂ ನೆಲವೂ ಕೂಡುವ ಕೊರಳಿನಲ್ಲಿ.

ಕೊನೆಗೆ ಮರದ ಹಿಡಿಯಿಂದ ಪ್ರತಿ ಬಿಲ್ಲೆಯನ್ನೂ ಮೆಲ್ಲಗೆ ತಟ್ಟಿರಿ. ಭದ್ರವಾದ ಬಿಲ್ಲೆ ಗಟ್ಟಿಯಾದ ದನಿ ಕೊಡುವುದು. ಕೆಳಗೆ ಪೊಳ್ಳಾದದ್ದು ಬೋರುಗುಟ್ಟುವುದು. ಪೊಳ್ಳಾದವನ್ನು ಸೀಮೆಸುಣ್ಣದಿಂದ ಗುರುತಿಸಿರಿ. ನಾಲ್ಕಾರು ಮಾತ್ರವಾದರೆ ಅಷ್ಟನ್ನೇ ಬದಲಿಸಬಹುದು. ಅರ್ಧಕ್ಕೆ ಮೀರಿದ್ದರೆ ನೆಲವನ್ನೆಲ್ಲ ತೆಗೆಯುವುದೇ ಲೇಸು.

ದುರಸ್ತಿಯ ಕ್ರಮ

ಒಂದು: ಮೊದಲು ಬಿಸಿನೀರಿನ ವಿದ್ಯುತ್ ಯಂತ್ರದ ಸಂಪರ್ಕವನ್ನು ಮುಖ್ಯ ಗುಂಡಿಯಿಂದಲೇ ಕಡಿಯಬೇಕು. ಒದ್ದೆನೆಲದ ಮೇಲೆ ಬರಿಗಾಲಿನಲ್ಲಿ ನಿಂತವನ ಮೂಲಕ ವಿದ್ಯುತ್ತು ಸುಲಭವಾಗಿ ಹರಿಯುವುದು. ಬಿಲ್ಲೆ ಒಡೆಯುವಾಗ ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಅಗತ್ಯ.

ಎರಡು: ಸೋರುವ ಕೊಳವೆಯನ್ನು ಬದಲಿಸಿರಿ. ಇದಾಗದೆ ಮುಂದಿನ ಹೆಜ್ಜೆ ಇಡಬಾರದು. ಏರಿಯ ತೂತನ್ನು ಮುಚ್ಚದೆ ಗದ್ದೆಯನ್ನು ಸಮಮಾಡಬಾರದೆಂಬ ಮಾತನ್ನು ನೆನೆಯಿರಿ. ಜಾಲರಿಯ ಕೆಳಗೆ ಯಾವಾಗಲೂ ಸ್ವಲ್ಪ ನೀರು ನಿಲ್ಲುವ ಬಟ್ಟಲಿನಂತಹ ಭಾಗವಿದೆಯೇ ನೋಡಿರಿ. ಮೋರಿಯ ದುರ್ಗಂಧವನ್ನೂ ಜಿರಲೆಗಳನ್ನೂ ಮನೆಗೆ ಬಾರದಂತೆ ತಡೆಯುವುದು ಈ ನಿಂತ ನೀರೇ. ೧೭೭೫ರಲ್ಲಿ ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರದ ಕುಶಲಿ ಶೌಚದ ಕೊಳವೆಯನ್ನು ಬಳುಕಿಸಿ ಅದರಲ್ಲಿ ನೀರು ನಿಲ್ಲುವಂತೆ ಮಾಡಿದುದೂ ಇದೇ ತತ್ತ್ವದಿಂದ.

ಮೂರು: ಪೊಳ್ಳಾದ ಬಿಲ್ಲೆಗಳನ್ನೂ ಅವುಗಳ ಕೆಳಗಿನ ಸಡಿಲ ಗಾರೆಯನ್ನೂ ಗಟ್ಟಿ ತಳ ಸಿಕ್ಕುವವರೆಗೆ ತೆಗೆಯಿರಿ. ನೆಲ ಕುಸಿದಿದ್ದರೆ ಕೆಳಗಿನ ಕೆಸರನ್ನು ತೆಗೆದು, ಮೊರಂ ಮಣ್ಣನ್ನು ತೆಳುವಾದ ಪದರಗಳಲ್ಲಿ ಹಾಕಿ ದಮ್ಮಸ್ಸು ಮಾಡಿ, ಮೇಲೆ ಜಲ್ಲಿ ಕಾಂಕ್ರೀಟು ಹಾಕಬೇಕು. ಅಗೆದ ಎರೆಮಣ್ಣನ್ನೇ ಮತ್ತೆ ತುಂಬಬಾರದು.

ನಾಲ್ಕು: ತಳವನ್ನು ಒಣಗಲು ಬಿಡಿರಿ. ದಾವಣಗೆರೆಯ ಕಡೆ ಮಾರ್ಚಿ, ಏಪ್ರಿಲ್ ತಿಂಗಳುಗಳು ಇದಕ್ಕೆ ಅನುಕೂಲ. ಒಣಗಿತೆಂದು ತಿಳಿಯಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ಅಂಚುಗಳಿಗೆ ಅಂಟುಪಟ್ಟಿ ಹಾಕಿರಿ. ಮರುದಿನ ಹಾಳೆಯ ಅಡಿಯಲ್ಲಿ ನೀರಹನಿ ಕಂಡರೆ ತೇವ ಇನ್ನೂ ಬರುತ್ತಿದೆ ಎಂದು ಅರ್ಥ. ಒಂದು ವಾರದ ಈ ತಾಳ್ಮೆ ಮುಂದಿನ ಹತ್ತು ವರ್ಷಗಳ ತೊಂದರೆಯನ್ನು ತಪ್ಪಿಸುವುದು.

ಐದು: ವಾಟ ಕೊಡುವುದು. ನೀರು ಜಾಲರಿಯ ಕಡೆಗೆ ಹರಿಯುವಂತೆ ಕೊಡುವ ಇಳಿಜಾರಿಗೆ ಮೇಸ್ತ್ರಿಗಳು ವಾಟ ಎನ್ನುವರು. ೬೦ ಅಂಗುಲಕ್ಕೆ ಒಂದು ಅಂಗುಲದಷ್ಟು ವಾಟವಿದ್ದರೆ ಸಾಕು. ಆರಡಿಯ ದೂರಕ್ಕೆ ಇದು ಸುಮಾರು ಒಂದು ಕಾಲು ಅಂಗುಲ. ಇದಕ್ಕಿಂತ ಬಹಳ ಹೆಚ್ಚಾದರೆ ಮುದುಕರ ಕಾಲು ಜಾರುವುದು, ಬಹಳ ಕಡಿಮೆಯಾದರೆ ನೀರು ನಿಲ್ಲುವುದು. ಅಳೆಯಲು ನೀರು ತುಂಬಿದ ಪಾರದರ್ಶಕ ಕೊಳವೆಯೊಂದು ಸಾಕು. ಅದರ ಎರಡು ತುದಿಗಳಲ್ಲೂ ನೀರು ಒಂದೇ ಮಟ್ಟದಲ್ಲಿ ನಿಲ್ಲುವುದರಿಂದ ಗೋಡೆಗಳ ಮೇಲೆ ಸಮಮಟ್ಟದ ಗೆರೆ ಎಳೆದು, ಅಲ್ಲಿಂದ ಕೆಳಕ್ಕೆ ಅಳೆಯಬಹುದು.

ಒಂದು ಪಾಲು ಸಿಮೆಂಟು, ನಾಲ್ಕು ಪಾಲು ಜರಡಿ ಹಿಡಿದ ಮರಳು ಸೇರಿಸಿರಿ. ಎಷ್ಟು ಬೇಕೆಂಬುದನ್ನು ಮೊದಲೇ ಲೆಕ್ಕ ಹಾಕೋಣ. ನೆಲ ೩೦ ಚದರಡಿ, ಸರಾಸರಿ ದಪ್ಪ ಒಂದೂವರೆ ಅಂಗುಲ; ಗಾತ್ರ ೩.೭೫ ಘನ ಅಡಿ. ಒಣ ಮಿಶ್ರಣ ಕಲಸಿದಾಗ ಕುಗ್ಗುವುದರಿಂದ ಮೂರರಲ್ಲಿ ಒಂದು ಪಾಲು ಹೆಚ್ಚಾಗಿ, ೫ ಘನ ಅಡಿ ಬೇಕು. ಇದರಲ್ಲಿ ಸಿಮೆಂಟು ೧, ಮರಳು ೪ ಘನ ಅಡಿ. ೫೦ ಕಿಲೋಗ್ರಾಮಿನ ಒಂದು ಚೀಲ ಸುಮಾರು ಒಂದು ಕಾಲು ಘನ ಅಡಿಯಿರುವುದರಿಂದ ಒಂದೇ ಚೀಲ ಸಾಲುವುದು. ಅರ್ಧ ಗಂಟೆಯಲ್ಲಿ ಬಳಸುವಷ್ಟನ್ನು ಮಾತ್ರ ಒಂದು ಸಲಕ್ಕೆ ಕಲಸಿರಿ. ಬಿಗಿಯತೊಡಗಿದ ಗಾರೆಗೆ ಮತ್ತೆ ನೀರು ಬೆರೆಸಬಾರದು. ಹಸಿ ಸಿಮೆಂಟು ಚರ್ಮವನ್ನು ಸುಡುವುದರಿಂದ ರಬ್ಬರಿನ ಕೈಚೀಲ ತೊಡಬೇಕು.

ಆರು: ಈ ಪದರ ಹದಗೊಂಡ ಮೇಲೆ ನೀರು ತಡೆಯುವ ಲೇಪ. ಸಿಮೆಂಟಿನ ಪುಡಿಗೆ ಪಾಲಿಮರಿನ ಹಾಲಿನಂತಹ ದ್ರವ ಬೆರೆಸಿ ಹಚ್ಚುವ ಲೇಪಗಳು ಈಗ ಅಂಗಡಿಗಳಲ್ಲಿ ಸಿಗುವುವು. ಕುಂಚದಿಂದ ಮೊದಲ ಸಲ ಉದ್ದಕ್ಕೆ, ಎರಡನೆಯ ಸಲ ಅಡ್ಡಲಾಗಿ ಹಚ್ಚಿದರೆ ಬಿಟ್ಟುಹೋದ ಜಾಗ ಉಳಿಯದು. ಗೋಡೆಯ ಮೇಲೂ ಒಂದಡಿ ಎತ್ತರಕ್ಕೆ ಹಚ್ಚುವುದು ಅವಶ್ಯ. ಸೋರಿಕೆ ಹೆಚ್ಚಾಗಿ ಆರಂಭವಾಗುವುದು ಗೋಡೆ ಮತ್ತು ನೆಲ ಕೂಡುವ ಮೂಲೆಯಲ್ಲಿ ಮತ್ತು ಕೊಳವೆಯ ಕೊರಳಿನಲ್ಲಿ. ಲೇಪ ಪೂರ್ತಿ ಒಣಗಿದ ಮೇಲೆ ನೀರು ನಿಲ್ಲಿಸುವ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿರಿ. ಇಲ್ಲಿ ತೇರ್ಗಡೆಯಾದ ಮೇಲೆಯೇ ಬಿಲ್ಲೆಯ ಕೆಲಸ.

ಏಳು: ಬಿಲ್ಲೆಯ ಅಡಿಗೆಲ್ಲ ಅಂಟುವಂತೆ ಗಾರೆ ಹರಡಬೇಕು. ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟು ಒತ್ತಿದರೆ ನಡುವೆ ಪೊಳ್ಳು ಉಳಿದು ನೀರು ಸೇರುವುದು. ಬಿಲ್ಲೆಗಳ ನಡುವೆ ೨ ಅಥವಾ ೩ ಮಿಲಿಮೀಟರು ಸಂದು ಬಿಡಿರಿ. ಒಂದು ದಿನ ಕಳೆದು ಸಂದುಗಳನ್ನು ತುಂಬಿರಿ. ಗೋಡೆಯ ಅಂಚಿನ ಸಂದಿಗೆ ಮಾತ್ರ ಸಿಲಿಕೋನಿನಂತಹ ಬಾಗುವ ವಸ್ತು ಉತ್ತಮ. ಗೋಡೆ ಮತ್ತು ನೆಲ ಬೇರೆ ಬೇರೆಯಾಗಿ ಅಲುಗುವುದರಿಂದ ಸಿಮೆಂಟು ಅಲ್ಲಿ ಬಿರಿಯುವುದು.

ಹದಗೊಳಿಸುವಿಕೆ

ನೆಲವನ್ನು ಹಾಳುಮಾಡಿದ ನೀರೇ ಹೊಸ ಗಾರೆಗೆ ಪ್ರಾಣ. ಹಾಕಿದ ಮರುದಿನದಿಂದ ಕನಿಷ್ಠ ಏಳು ದಿನ ಒದ್ದೆ ಗೋಣಿತಾಟು ಹೊದಿಸಿಡಬೇಕು. ಬಿಸಿಲುಗಾಳಿಯ ದಿನಗಳಲ್ಲಿ ಹತ್ತು ದಿನವಾದರೆ ಇನ್ನೂ ಒಳ್ಳೆಯದು. ಸಿಮೆಂಟಿನ ಬಲವನ್ನು ೨೮ನೆಯ ದಿನ ಅಳೆಯುವ ಪದ್ಧತಿ ಲೋಕದಲ್ಲೆಲ್ಲ ಇದೆ. ಅದರ ನಂತರವೂ ಬಲ ನಿಧಾನವಾಗಿ ಹೆಚ್ಚುತ್ತಲೇ ಇರುವುದು.

ಯಾವಾಗ ಕೈಹಾಕಬಾರದು?

ಕೆಳಗಿನ ಚಾವಣಿಯಲ್ಲಿ ತುಕ್ಕು ಹಿಡಿದ ಸರಳು ಕಾಣುತ್ತಿದ್ದರೆ, ಗೋಡೆಯ ಓರೆ ಬಿರುಕು ತಿಂಗಳಿಂದ ತಿಂಗಳಿಗೆ ಅಗಲವಾಗುತ್ತಿದ್ದರೆ, ನೆಲ ಕಾಲಿಟ್ಟಾಗ ಅದುರುತ್ತಿದ್ದರೆ ಅದು ಮನೆಯವರ ಕೆಲಸವಲ್ಲ; ಎಂಜಿನಿಯರನ್ನು ಕರೆಯಬೇಕು. ಬಿರುಕು ಬೆಳೆಯುವುದೋ ಇಲ್ಲವೋ ಎಂದು ತಿಳಿಯಲು ಅದರ ತುದಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆದಿಡಿರಿ. ಜ್ಞಾನದ ಮಿತಿಯನ್ನು ತಿಳಿದು ನಿಲ್ಲುವುದೂ ವಿಜ್ಞಾನದ ಶಿಸ್ತೇ.

ಒಟ್ಟಿನಲ್ಲಿ ಹೇಳುವುದಾದರೆ, ನೆಲದ ದುರಸ್ತಿಯೆಂದರೆ ಬಿಲ್ಲೆಯ ದುರಸ್ತಿಯಲ್ಲ, ನೀರಿನ ಹಾದಿಯ ದುರಸ್ತಿ. ನೀರನ್ನು ತಡೆದು ಗೆದ್ದವರಿಲ್ಲ. ಅದಕ್ಕೆ ಸರಿಯಾದ ದಾರಿ ತೋರಿದವರು ಅದರಿಂದ ಕೆಲಸ ಮಾಡಿಸಿಕೊಂಡಿದ್ದಾರೆ.

ಅಭ್ಯಾಸಕ್ಕೆ

೧. ಇಟ್ಟಿಗೆಯೊಂದನ್ನು ತೂಗಿ, ತಟ್ಟೆಯ ನೀರಿನಲ್ಲಿ ನಿಲ್ಲಿಸಿರಿ. ಪ್ರತಿ ಗಂಟೆಗೂ ತೇವ ಏರಿದ ಎತ್ತರವನ್ನು ಗುರುತಿಸಿ, ಮರುದಿನ ಮತ್ತೆ ತೂಗಿರಿ. ಅದು ಹೀರಿದ ನೀರೆಷ್ಟು?

೨. ಅದೇ ಪ್ರಯೋಗವನ್ನು ಉಪ್ಪುನೀರಿನಲ್ಲಿ ಮಾಡಿ ಇಟ್ಟಿಗೆಯನ್ನು ಒಣಗಿಸಿರಿ. ಬಿಳಿಯ ಹರಳು ಎಲ್ಲಿ ಹೆಚ್ಚಾಗಿ ಕಾಣುವುದು? ಏಕೆ?

೩. ನಿಮ್ಮ ಮನೆಯ ಬಚ್ಚಲಿನ ವಾಟವನ್ನು ನೀರಿನ ಕೊಳವೆಯಿಂದ ಅಳೆಯಿರಿ. ಅದು ೬೦ಕ್ಕೆ ಎಷ್ಟು?

೪. ಎಂಟಡಿ ಉದ್ದ, ಆರಡಿ ಅಗಲದ ನೆಲಕ್ಕೆ ಅದೇ ದಪ್ಪದಲ್ಲಿ ಎಷ್ಟು ಸಿಮೆಂಟು, ಎಷ್ಟು ಮರಳು ಬೇಕು?